ಸೇವೆ ಅಂದ್ರೆ ಪುಕ್ಕಟೆ ಅಲ್ಲ ಸ್ವಾಮಿ

ನಮ್ಮ ಕಡೆ ಹುಡುಗರು ಇಂಜಿನಿಯರಿಂಗ್ ‘ಸೇರ್ತಾರೆ’. ಹುಡುಗೀರನ್ನ ನರ್ಸಿಂಗಿಗೆ ‘ಹಾಕ್ತಾರೆ’. ಸೇರೋನಿಗೆ ಒಂದು ಆಸೆ, ಒಂದು ರ‍್ಯಾಂಕು, ಒಂದು ಕೌನ್ಸೆಲಿಂಗು ಅಂತ ಇರುತ್ತೆ. ಹಾಕಿಸ್ಕೊಳ್ಳೋಳಿಗೆ ಇರೋದು ಪಿಯುಸಿಯ ಕಡಿಮೆ ಮಾರ್ಕ್ಸು, ಮದುವೆಗೆ ಇನ್ನೂ ಎರಡು ಮೂರು ವರ್ಷ ಟೈಮು, ಆಮೇಲೆ “ಹೆಂಗೂ ಕೆಲಸ ಗ್ಯಾರಂಟಿ” ಅನ್ನೋ ಯಾವನೋ ಏಜೆಂಟನ ಮಾತು.

ನನ್ನ ಚಿಕ್ಕಮ್ಮನ ಮಗಳನ್ನ 2016ರಲ್ಲಿ ಹೀಗೇ ಹಾಕಿದ್ರು. ಹಿರಿಯೂರು ತಾಲೂಕಿನ ಹಳ್ಳಿ, ಕನ್ನಡ ಮೀಡಿಯಂ, ಪಿಯುಸಿ ಆರ್ಟ್ಸ್. ಸೇರಿದ್ದು ಜಿಎನ್ಎಂ, ಅಂದ್ರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಏನೇ ಓದಿರಲಿ, ಶೇಕಡ 40 ಬಂದು ಇಂಗ್ಲಿಷ್ ಪಾಸಾಗಿದ್ರೆ ಸೀಟು ಸಿಗುತ್ತೆ. ಬಿಎಸ್ಸಿ ನರ್ಸಿಂಗ್ ಆದ್ರೆ ಸೈನ್ಸೇ ಓದಿರಬೇಕು, ನಾಲ್ಕು ವರ್ಷ. ಸೀಟು ಸುಲಭ ಅನ್ನೋ ಒಂದೇ ಕಾರಣಕ್ಕೆ ಇದು ಕೈಲಾಗದವರ ಕೋರ್ಸು ಅಂತ ಊರೆಲ್ಲಾ ತೀರ್ಮಾನ ಮಾಡಿಬಿಟ್ಟಿದೆ. ಊರಿನವರನ್ನ ಬಿಡಿ, ಬೆಂಗಳೂರಿನಲ್ಲಿ ಕೂತಿರೋ ನಾವೇನು ಕಡಿಮೆಯಾ? ‘ನರ್ಸಮ್ಮ’ ಅಂದ್ರೆ ಸಾಕು, ನಮ್ಮ ಸಿನಿಮಾದಲ್ಲಿ ಕಾಮಿಡಿ ಸೀನ್ ಶುರುವಾಗುತ್ತೆ.

ನಾನು ಬಿಇ ಮಾಡಿದವನು. ಪರೀಕ್ಷೆಗೆ ಹದಿನೈದು ದಿನ ಮುಂಚೆ ಝೆರಾಕ್ಸ್ ಅಂಗಡಿಗೆ ಹೋಗಿ ನೋಟ್ಸ್ ತಗೊಂಡು ಪಾಸಾದ ಲಕ್ಷಾಂತರ ಜನರಲ್ಲಿ ಒಬ್ಬ. ಅವಳ ಪುಸ್ತಕ, ಅವಳ ಡ್ಯೂಟಿ ಪಟ್ಟಿ ನೋಡಿದವನಾಗಿ ಹೇಳ್ತೀನಿ, ನನ್ನ ನಾಲ್ಕು ವರ್ಷಕ್ಕಿಂತ ಅವಳ ಮೂರು ವರ್ಷ ಕಷ್ಟ. ಮೊದಲನೇ ವರ್ಷವೇ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸೈಕಾಲಜಿ, ಸೋಷಿಯಾಲಜಿ. ಎಲ್ಲಾ ಇಂಗ್ಲಿಷಲ್ಲಿ. ಉರಿಮೂತ್ರ ಅಂದ್ರೆ ಏನು ಅಂತ ಅವಳಿಗೆ ಚೆನ್ನಾಗಿ ಗೊತ್ತು; ಪರೀಕ್ಷೆಯಲ್ಲಿ ‘ಡಿಸ್‌ಯೂರಿಯಾ’ ಅಂತ ಸ್ಪೆಲ್ಲಿಂಗ್ ತಪ್ಪಿಲ್ಲದೆ ಬರೀಬೇಕು. ಅದೇ ವಾರ್ಡಿನಲ್ಲಿ ಅಜ್ಜಿಯೊಬ್ಬರು “ಎದೆ ಹಿಡ್ಕಂಡಂಗೆ ಆಗ್ತೈತೆ ಕಣವ್ವ, ಹೊಟ್ಟೆ ತೊಳಸ್ತೈತೆ” ಅಂದಾಗ, ಇದು ಬರೀ ಗ್ಯಾಸ್ ಇರಲಿಕ್ಕಿಲ್ಲ, ಡಾಕ್ಟರನ್ನ ಕೂಗಬೇಕು ಅಂತ ತಕ್ಷಣ ಹೊಳೆಯೋದೂ ಇವಳಿಗೇ. ಅದಕ್ಕೆ ಮಾರ್ಕ್ಸ್ ಇಲ್ಲ.

ಗಣಿತ ಬರಲ್ಲ ಅಂತ ಆರ್ಟ್ಸ್ ತಗೊಂಡ ಹುಡುಗಿ ಅವಳು. 500 ಮಿಲಿ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಒಂದು ಮಿಲಿಗೆ 20 ಹನಿ. ಹಾಗಾದ್ರೆ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? 500ನ್ನ 20ರಿಂದ ಗುಣಿಸಿ 240ರಿಂದ ಭಾಗಿಸಿ, ಹತ್ತಿರ ಹತ್ತಿರ 42. ಇದನ್ನ ಅವಳು ರಾತ್ರಿ ಎರಡು ಗಂಟೆಗೆ, ಕ್ಯಾಲ್ಕುಲೇಟರ್ ಇಲ್ಲದೆ, ವಾಚ್ ನೋಡ್ಕೊಂಡು ಮಾಡಬೇಕು. ಇನ್ಸುಲಿನ್ ಇನ್ನೂ ಅಪಾಯ. ಬಾಟಲಿ ಎರಡು ಥರ ಬರುತ್ತೆ, ಒಂದು ಮಿಲಿಯಲ್ಲಿ 40 ಯೂನಿಟ್ ಇರೋದು, 100 ಯೂನಿಟ್ ಇರೋದು. ಸಿರಿಂಜೂ ಎರಡು: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳ್ಕೊಂಡ್ರೆ ರೋಗಿಗೆ ಎರಡೂವರೆ ಪಟ್ಟು ಔಷಧ ಹೋಗುತ್ತೆ. ನಾವು ತಪ್ಪು ಮಾಡಿದ್ರೆ ಹಳೇ ವರ್ಷನ್ ವಾಪಸ್ ಹಾಕಿ ಮಾರನೇ ದಿನ ಮೀಟಿಂಗಲ್ಲಿ ನಗಾಡ್ತೀವಿ. ಚುಚ್ಚಿದ ಇಂಜೆಕ್ಷನ್ನನ್ನ ವಾಪಸ್ ಎಳೆಯೋಕಾಗಲ್ಲ.

ಇಷ್ಟು ಕಲಿಯೋಕೆ ಕಷ್ಟಪಡಲೇಬೇಕು, ಅದರ ಬಗ್ಗೆ ತಕರಾರಿಲ್ಲ. ವಾರ್ಡಿನಲ್ಲಿ ನಿಲ್ಲದೆ ನರ್ಸಿಂಗ್ ಬರಲ್ಲ. ನನ್ನ ತಕರಾರು, ಕಲಿಸ್ತೀವಿ ಅನ್ನೋ ಹೆಸರಲ್ಲಿ ದುಡಿಸ್ಕೊಳ್ಳೋದರ ಬಗ್ಗೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳೋ ಪ್ರಮಾಣ, ಟೀಚಿಂಗ್ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸು, ಉಳಿದ ಕಡೆ ಐದಕ್ಕೆ ಒಬ್ಬರು. ಇವಳು ಎರಡನೇ ವರ್ಷದಲ್ಲಿದ್ದಾಗ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬ ಸ್ಟಾಫ್ ನರ್ಸು, ಇಬ್ಬರು ಸ್ಟೂಡೆಂಟ್‌ಗಳು. ಕಲಿಸೋ ಟ್ಯೂಟರ್ ಮನೇಲಿ ನಿದ್ದೆ ಮಾಡ್ತಿದ್ರು. ಬಿಪಿ, ಟೆಂಪರೇಚರ್, ಬೆಡ್‌ಪ್ಯಾನ್, ಲ್ಯಾಬಿಗೆ ಸ್ಯಾಂಪಲ್ ತಗೊಂಡು ಓಡೋದು ಎಲ್ಲಾ ಈ ಮಕ್ಕಳೇ. ಬೆಳಗ್ಗೆ ಎಂಟಕ್ಕೆ ಡ್ಯೂಟಿ ಮುಗಿಸಿ ಒಂಬತ್ತೂವರೆಗೆ ಕ್ಲಾಸು. ಕ್ಲಾಸಲ್ಲಿ ತೂಕಡಿಸಿದ್ರೆ ಫೈನು.

ನಿಮ್ಮ ಕಂಪನಿಗೆ ಬಂದ ಫ್ರೆಷರ್ ಒಬ್ಬ ತಾನೇ ಕಂಪನಿಗೆ ವರ್ಷಾ ವರ್ಷ ದುಡ್ಡು ಕಟ್ಟಿ, ರಾತ್ರಿಯೆಲ್ಲಾ ಪ್ರೊಡಕ್ಷನ್ ಸರ್ವರ್ ಕಾಯ್ತಾನೆ ಅಂತ ಅಂದ್ಕೊಳ್ಳಿ. ಒಂದು ವಾರದಲ್ಲಿ ಅದು ನ್ಯೂಸ್ ಆಗುತ್ತೆ. ನರ್ಸಿಂಗ್ ಹುಡುಗಿ ಮಾಡಿದ್ರೆ ಅದಕ್ಕೆ ‘ಕ್ಲಿನಿಕಲ್ ಪೋಸ್ಟಿಂಗ್’ ಅಂತ ಹೆಸರು.

ಇದರ ಉಲ್ಟಾ ಕಥೆ ಇನ್ನೂ ಕೆಟ್ಟದು. ಕೋರ್ಸ್ ಮುಗಿಯೋದರೊಳಗೆ ಇಪ್ಪತ್ತು ಸಹಜ ಹೆರಿಗೆ ತನ್ನ ಕೈಯಾರೆ ಮಾಡಿಸಿ ಕೇಸ್‌ಬುಕ್ಕಿನಲ್ಲಿ ಬರೆದಿರಬೇಕು. ಒಳ್ಳೇ ನಿಯಮ. ಆದ್ರೆ ಕಾಲೇಜಿನ ಸ್ವಂತ ಆಸ್ಪತ್ರೆಯಲ್ಲಿ ಹೆರಿಗೆಯೇ ಆಗದಿದ್ರೆ? ಆಗ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಕಳಿಸ್ತಾರೆ. ಅಲ್ಲಿ ನಾಲ್ಕು ಕಾಲೇಜಿನ ಹುಡುಗೀರು ಒಂದೇ ಟೇಬಲ್ ಸುತ್ತ, ‘ಈ ಕೇಸ್ ನಂದು’ ಅಂತ ಕಾಯ್ಕೊಂಡು ನಿಂತಿರ್ತಾರೆ. ನೋವು ತಿಂತಾ ಮಲಗಿರೋ ಹೆಂಗಸಿಗೆ ಹೆಂಗನ್ನಿಸಬೇಕು? ನೋಡಿದ್ದನ್ನೇ ಮಾಡಿದ್ದು ಅಂತ ಬರೆದು ಸೈನ್ ಹಾಕಿಸ್ಕೊಳ್ಳೋರೂ ಇದ್ದಾರೆ ಅಂತ ಇವಳೇ ಹೇಳಿದ್ದು. ಬೇಡದ ಕಡೆ ರಾತ್ರಿಯೆಲ್ಲಾ ದುಡಿಮೆ, ಕಲಿಯಲೇಬೇಕಾದ ಕಡೆ ಖಾಲಿ.

ಅಂತೂ 2019ರಲ್ಲಿ ಮುಗಿಸಿದಳು. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕಾಲೇಜಿನ ಬೀರುವಿನಲ್ಲಿತ್ತು. “ನಮ್ಮ ಆಸ್ಪತ್ರೆಯಲ್ಲೇ ಒಂದು ವರ್ಷ ಕೆಲಸ ಮಾಡು, ಆಮೇಲೆ ಕೊಡ್ತೀವಿ” ಅಂದ್ರು. ಸಂಬಳ 12 ಸಾವಿರ. ನಾನು 2011ರಲ್ಲಿ ಫ್ರೆಷರ್ ಆಗಿ ಎಸಿ ರೂಮಲ್ಲಿ ಕೂತು ಜಾವಾ ಕಲಿಯೋಕೇ 22 ಸಾವಿರ ತಗೊಂಡಿದ್ದೆ. ಒಬ್ಬೇ ಒಬ್ಬ ಮನುಷ್ಯನ ಜೀವ ನನ್ನ ಕೈಯಲ್ಲಿರಲಿಲ್ಲ.

“ಮಾರ್ಕೆಟ್ ರೇಟ್ ಅಷ್ಟೇ ಗುರು” ಅಂತ ನನ್ನ ಟೀಮಿನ ಗೆಳೆಯ ಹೇಳಿದ. ಸರಿ, ಮಾರ್ಕೆಟ್ ಲೆಕ್ಕವನ್ನೇ ಮಾಡೋಣ. ಹೋದ ವರ್ಷ ಅಪ್ಪನ್ನ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ವಿ. ಇನ್ಶೂರೆನ್ಸ್ ಇತ್ತು, ನಮ್ಮಂಥವರು ಬಿಲ್ ಓದೋದು ಕಡಿಮೆ. ನಾನು ಓದಿದೆ. ‘ನರ್ಸಿಂಗ್ ಚಾರ್ಜಸ್’ ದಿನಕ್ಕೆ 700 ರೂಪಾಯಿ. ಆ ಕಡೆಯ ರೂಮುಗಳಲ್ಲಿ ಒಟ್ಟು ಒಂಬತ್ತು ರೋಗಿಗಳು, ಅಂದ್ರೆ ದಿನಕ್ಕೆ 6300. ಬೆಳಗಿನ ಪಾಳಿಗೆ ಇಬ್ಬರು ನರ್ಸು, ಮಧ್ಯಾಹ್ನಕ್ಕೆ ಒಬ್ಬರು, ರಾತ್ರಿಗೆ ಒಬ್ಬರು. ನಾಲ್ಕು ಜನಕ್ಕೆ ಹಂಚಿದ್ರೆ ತಲಾ 1575. ರಾತ್ರಿ ಪಾಳಿಯ ಹುಡುಗಿಯನ್ನ ಸಂಕೋಚಪಟ್ಕೊಂಡೇ ಕೇಳಿದೆ. ತಿಂಗಳಿಗೆ 15 ಸಾವಿರ ಅಂದಳು. 26 ದಿನದ ಲೆಕ್ಕ ಹಿಡಿದ್ರೆ ದಿನಕ್ಕೆ 577. ಉಳಿದ ಸಾವಿರ ರೂಪಾಯಿ ಯಾವ ನರ್ಸಿಂಗ್ ಮಾಡ್ತು? ಗ್ಲೌಸು, ಹತ್ತಿ, ಸಿರಿಂಜಿಗೆ ಬಿಲ್ಲಿನಲ್ಲಿ ಬೇರೆ ಸಾಲುಗಳೇ ಇದ್ವು. ನಮ್ಮಿಂದ ಅವಳ ಹೆಸರಲ್ಲಿ ವಸೂಲಿ ಮಾಡಿ ಅವಳಿಗೆ ಕೊಡದೇ ಇರೋದನ್ನ ಮಾರ್ಕೆಟ್ ರೇಟ್ ಅನ್ನಬೇಡಿ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡ್ತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಆದ್ರೆ ಆಯಾ ರಾಜ್ಯದ ಸರ್ಕಾರಿ ನರ್ಸಿನ ಸಮಕ್ಕೆ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಪುಟ್ಟ ನರ್ಸಿಂಗ್ ಹೋಮ್ ಆದ್ರೂ 20 ಸಾವಿರಕ್ಕೆ ಕಡಿಮೆ ಕೊಡಬಾರದು ಅಂತ ಆ ಸಮಿತಿ ಶಿಫಾರಸು ಮಾಡ್ತು. ಕೇರಳದ ನರ್ಸುಗಳು ಸಂಘ ಕಟ್ಟಿ, ಮುಷ್ಕರ ಹೂಡಿ, 2018ರಲ್ಲಿ 20 ಸಾವಿರದ ಕನಿಷ್ಠ ವೇತನಕ್ಕೆ ಅಲ್ಲಿನ ಸರ್ಕಾರದಿಂದ ಅಧಿಸೂಚನೆ ಹೊರಡಿಸಿದ್ರು. ನಮ್ಮ ಹುಡುಗಿ 12 ಸಾವಿರಕ್ಕೆ ಸೇರಿದ್ದು ಅದರ ಮಾರನೇ ವರ್ಷ. ಮಲಯಾಳಿ ನರ್ಸುಗಳನ್ನ ಕಂಡ್ರೆ ಉಚ್ಚಾರಣೆ ಅಣಕಿಸಿ ನಗೋರು ಇದನ್ನೂ ಸ್ವಲ್ಪ ಕಲೀಬಹುದಿತ್ತು.

ಇಷ್ಟು ಹೇಳಿದ ಮೇಲೆ ಕೊನೇ ಅಸ್ತ್ರ ಬರುತ್ತೆ. “ಅದು ಸೇವೆ ಅಲ್ವಾ? ದುಡ್ಡಿನ ಮುಖ ನೋಡಿದ್ರೆ ಸೇವೆ ಮಾಡೋಕಾಗುತ್ತಾ?”

ಸೇವೆಯ ಮಾತು ಬಂದಿದ್ದರಿಂದ ನಮ್ಮದೇ ನೆಲದ ಒಬ್ಬಳ ಬಗ್ಗೆ ಹೇಳ್ತೀನಿ. ಅರುಣಾ ಶಾನಭಾಗ. ಹೊನ್ನಾವರ ತಾಲೂಕಿನ ಹಳದೀಪುರದವರು. ನರ್ಸ್ ಆಗಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ಒಬ್ಬ ನಾಯಿ ಕಟ್ಟೋ ಸರಪಳಿಯನ್ನ ಕುತ್ತಿಗೆಗೆ ಬಿಗಿದು ದೌರ್ಜನ್ಯ ಮಾಡಿದ. ಮಿದುಳಿಗೆ ರಕ್ತ ಹೋಗದೆ, ಅವರು ಮತ್ತೆ ಏಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳೋವರೆಗೂ ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರು. ದೇಶಕ್ಕೆ ಅವರ ಹೆಸರು ನೆನಪಿರೋದು 2011ರ ದಯಾಮರಣದ ತೀರ್ಪಿನಿಂದ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಆ ನಲವತ್ತೊಂದು ಚಿಲ್ಲರೆ ವರ್ಷ ಅವರನ್ನ ನೋಡಿಕೊಂಡ ನರ್ಸುಗಳು. ಹಾಸಿಗೆ ಹಿಡಿದವರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು ಅನ್ನೋದು ಮೊದಲ ವರ್ಷದ ಪಾಠ. ಆ ಲೆಕ್ಕದಲ್ಲಿ ವರ್ಷಕ್ಕೆ 4380 ಸಲ. ಅರುಣಾಗೆ ಬೆಡ್‌ಸೋರ್ ಆಗದಂತೆ ಅವರು ಕಾಪಾಡಿದ್ದು ಕೋರ್ಟಿನ ಕಡತದಲ್ಲೇ ಇದೆ. 1973ರಲ್ಲಿ ಹುಟ್ಟೇ ಇರದಿದ್ದ ನರ್ಸುಗಳೂ ಆ ಪಾಳಿಯನ್ನ ಮುಂದುವರಿಸಿದ್ರು.

ಇದಕ್ಕಿಂತ ದೊಡ್ಡ ಸೇವೆ ತೋರಿಸಿ ನೋಡೋಣ. ಆದ್ರೆ ಗಮನಿಸಿ. ಕೆಇಎಂ ಮುನಿಸಿಪಾಲಿಟಿಯ ಆಸ್ಪತ್ರೆ. ಅಲ್ಲಿನ ನರ್ಸುಗಳು ಕಾರ್ಪೊರೇಷನ್ ನೌಕರರು, ಸಂಬಳ, ರಜೆ, ಪಿಂಚಣಿ ಇದ್ದವರು. ಅರುಣಾ ಮೇಲೆ ದಾಳಿ ಆದಾಗ ಮುಂಬೈಯ ನರ್ಸುಗಳು ಮುಷ್ಕರ ಮಾಡಿದ್ರು. ಎಂಬತ್ತರ ದಶಕದಲ್ಲಿ ಹಾಸಿಗೆ ಖಾಲಿ ಮಾಡಿಸೋಕೆ ಕಾರ್ಪೊರೇಷನ್ ಅವರನ್ನ ಬೇರೆ ಕಡೆ ಸಾಗಿಸಲು ಹೊರಟಾಗ, ಅಡ್ಡ ನಿಂತು ತಡೆದೋರೂ ಇದೇ ನರ್ಸುಗಳು. ಮುಷ್ಕರ ಮಾಡಿದ ಕೈಗಳೇ ಮಗ್ಗುಲು ತಿರುಗಿಸಿದ್ದು. ನಾಳೆ ಕೆಲಸ ಇರುತ್ತೋ ಇಲ್ವೋ ಅನ್ನೋ ಭಯದಲ್ಲಿ ಬೀರುವಿನೊಳಗಿನ ಮಾರ್ಕ್ಸ್‌ಕಾರ್ಡನ್ನೇ ನೆನೆಸ್ಕೊಂಡು ಡ್ಯೂಟಿ ಮಾಡೋಳ ಹತ್ರ ಈ ಥರದ ಸೇವೆ ಕೇಳೋಕೆ ನಿಮಗೆ ಬಾಯಿ ಹೆಂಗೆ ಬರುತ್ತೆ?

ನಮ್ಮ ಹುಡುಗಿ ಈಗ ನೈಟ್ ಡ್ಯೂಟಿ ಮುಗಿಸಿ ಬಂದು ಜರ್ಮನ್ ಕ್ಲಾಸಿಗೆ ಕೂರ್ತಾಳೆ. ಊರಲ್ಲಿ ಒಬ್ಬರು ಹಿರಿಯರು “ಇಲ್ಲಿ ಓದಿ ಅಲ್ಲಿನೋರ ಸೇವೆ ಮಾಡೋಕೆ ಹೋಗ್ತೀಯಾ” ಅಂತ ಕೇಳಿದ್ರಂತೆ. ಅವರ ಮಗ ಹತ್ತು ವರ್ಷದಿಂದ ಅಮೆರಿಕದಲ್ಲಿ ಟೆಸ್ಟಿಂಗ್ ಮಾಡ್ತಿದ್ದಾನೆ. ಅವನು ಹೋದಾಗ ಊರಿಗೆಲ್ಲಾ ಹೋಳಿಗೆ ಊಟ ಹಾಕಿದ್ರು.

ಈಗ ಪ್ರತಿ ಜೂನ್ ತಿಂಗಳಲ್ಲೂ ಊರಿಂದ ನನಗೆ ಫೋನ್ ಬರುತ್ತೆ, “ಮಗಳನ್ನ ನರ್ಸಿಂಗಿಗೆ ಹಾಕ್ಬೇಕು, ಯಾವ ಕಾಲೇಜು ಚೆನ್ನಾಗೈತೆ ನೋಡಪ್ಪ” ಅಂತ. ಹಾಕಬೇಡಿ ಅಂತ ಯಾರಿಗೂ ಹೇಳಲ್ಲ. ಏಜೆಂಟನ ನಂಬರ್ ಈಸ್ಕೊಂಡು ನಾನೇ ಮಾತಾಡ್ತೀನಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಎಷ್ಟು ಹಾಸಿಗೆ, ಅದರಲ್ಲಿ ರೋಗಿಗಳು ಇರ್ತಾರಾ ಇಲ್ಲಾ ಇನ್‌ಸ್ಪೆಕ್ಷನ್ ದಿನ ಮಾತ್ರ ಮಲಗಿಸ್ತೀರಾ, ತಿಂಗಳಿಗೆ ಎಷ್ಟು ಹೆರಿಗೆ ಆಗುತ್ತೆ, ನೈಟ್ ಡ್ಯೂಟಿಗೆ ಟ್ಯೂಟರ್ ಬರ್ತಾರಾ, ಮೂರು ವರ್ಷದ ಒಟ್ಟು ಫೀಸನ್ನ ಒಂದೇ ಹಾಳೇಲಿ ಬರೆದು ಸೀಲ್ ಹಾಕಿ ಕೊಡ್ತೀರಾ, ಒರಿಜಿನಲ್ ನೋಡಿ ಅಲ್ಲೇ ವಾಪಸ್ ಕೊಡ್ತೀರಾ? ಹೋದ ಸಲ ಒಬ್ಬ ಇಷ್ಟನ್ನೂ ಸಮಾಧಾನವಾಗಿ ಕೇಳಿಸ್ಕೊಂಡು, “ಸಾರ್, ನೀವು ಹುಡುಗಿ ಕಡೆಯೋರಾ, ಇನ್‌ಸ್ಪೆಕ್ಷನ್ ಕಡೆಯೋರಾ?” ಅಂತ ಕೇಳಿದ. ಹುಡುಗಿ ಕಡೆಯೋನು ಅಂದೆ. ಫೋನ್ ಕಟ್ ಮಾಡಿದ.