ಮೊದಲು ಪ್ರಶ್ನೆ, ಆಮೇಲೆ ಬೇಟೆ

ರಾಕ್ಷಸರನ್ನು ಬೇಟೆಯಾಡುವ ಆಟ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಕೈಯಲ್ಲಿ ಮೊಬೈಲ್, ಪರದೆಯ ಮೇಲೆ ಬಂದೂಕು, ಕಿವಿಗೆ ಹೆಡ್‌ಫೋನ್, ಊಟಕ್ಕೆ ನಾಲ್ಕು ಸಲ ಕರೆದರೂ ಏಳದ ತಮ್ಮ. ನಾನು ಹೇಳಹೊರಟಿರುವ ಆಟ ಅದಲ್ಲ. ಇದರಲ್ಲಿ ಚಿತ್ರವೇ ಇಲ್ಲ. ಇರುವುದು ಮಾತು, ಒಂದು ಹಾಳೆ, ಒಂದು ಪೆನ್ಸಿಲ್ ಮಾತ್ರ. ಇಂಥ ಆಟಕ್ಕೆ ನಮ್ಮ ಕಾಲೇಜಿನಲ್ಲಿಯೂ ಜಾಗ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ, ಓದಿ ನೀವೇ ತೀರ್ಮಾನಿಸಿ.

ಆಟದ ಹೆಸರು 'ಮಾನ್‌ಸ್ಟರ್ ಆಫ್ ದಿ ವೀಕ್', ಅಂದರೆ ವಾರಕ್ಕೊಂದು ರಾಕ್ಷಸ. ಬರೆದವರು ನ್ಯೂಜಿಲೆಂಡಿನ ಮೈಕೆಲ್ ಸ್ಯಾಂಡ್ಸ್. ಮೊದಲು ಬಂದದ್ದು 2012ರಲ್ಲಿ. 'ಬಫಿ', 'ಸೂಪರ್‌ನ್ಯಾಚುರಲ್' ಮುಂತಾದ ಅಮೆರಿಕದ ಟಿವಿ ಧಾರಾವಾಹಿಗಳಲ್ಲಿ ಬರುವಂತೆ ಒಂದು ಸಣ್ಣ ಊರು, ಅಲ್ಲಿ ಒಂದು ಕೇಡು, ಅದನ್ನು ಹುಡುಕುವ ಕೆಲವು ಜನ, ಇಷ್ಟೇ ಇದರ ತಿರುಳು. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಕೀಪರ್ ಎಂದು ಹೆಸರು. ಉಳಿದವರು ಬೇಟೆಗಾರರು. ಕೀಪರ್ ಊರನ್ನು ವರ್ಣಿಸಿ 'ಈಗ ನೀವೇನು ಮಾಡುತ್ತೀರಿ?' ಎಂದು ಕೇಳುತ್ತಾರೆ. ನಾವು ಹೇಳುತ್ತೇವೆ. ಫಲಿತಾಂಶ ಅನುಮಾನದಲ್ಲಿದ್ದರೆ ಎರಡು ದಾಳ ಉರುಳಿಸಬೇಕು. ಮೊತ್ತ 10 ಅಥವಾ ಹೆಚ್ಚು ಬಂದರೆ ಪೂರ್ಣ ಗೆಲುವು, 7ರಿಂದ 9 ಬಂದರೆ ಕೆಲಸ ಆಗುತ್ತದೆ ಆದರೆ ಏನಾದರೂ ತೊಂದರೆ ಜೊತೆಗೆ ಬರುತ್ತದೆ, 6 ಅಥವಾ ಕಡಿಮೆ ಬಂದರೆ ಸೋಲು.

ನನ್ನ ಖಾಲಾ ಮಗಳು ಬೆಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವಳೇ ನಮ್ಮ ಕೀಪರ್, ನಾವು ಆಪಾ ಎನ್ನುತ್ತೇವೆ. ಅವಳ ಇಬ್ಬರು ಗೆಳತಿಯರು, ನನ್ನ ತರಗತಿಯ ಒಬ್ಬಳು ಮತ್ತು ನಾನು ಬೇಟೆಗಾರರು. ಭಾನುವಾರ ಅಸರ್ ನಮಾಜ್ ಮುಗಿದ ಮೇಲೆ ಗ್ರೂಪ್ ಕಾಲ್‌ನಲ್ಲಿ ಸೇರುತ್ತೇವೆ. ಮಗ್ರಿಬ್ ಅಜಾನ್ ಕೇಳಿದರೆ ರಾಕ್ಷಸ ಎದುರಿಗೇ ನಿಂತಿದ್ದರೂ ಆಟ ಬಂದ್.

ಮೊದಲು ದಾಳದ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ದಾಳ ಎಂದರೆ ಹಿರಿಯರ ಹುಬ್ಬು ಗಂಟಾಗುತ್ತದೆ. ಅದಕ್ಕೆ ಕಾರಣವಿದೆ, ನರ್ದ್ ಆಟವನ್ನು ಹದೀಸ್‌ನಲ್ಲಿ ತಡೆದಿದೆ. ಇಲ್ಲಿ ಹಣವಿಲ್ಲ, ಬಾಜಿಯಿಲ್ಲ, ಗೆದ್ದವರಿಗೆ ಏನೂ ಸಿಗುವುದಿಲ್ಲ ಎಂದು ಅಬ್ಬಾಗೆ ವಿವರಿಸಿದೆ. 'ಅದೆಲ್ಲ ಸರಿ, ದಾಳ ಯಾಕೆ ಬೇಕು?' ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಸಿಕ್ಕಿದ್ದು ಸಂಖ್ಯಾಶಾಸ್ತ್ರದ ನೋಟ್ಸಿನಲ್ಲಿ. ಎರಡು ದಾಳ ಬೀಳುವ ರೀತಿಗಳು ಒಟ್ಟು 36. ಅದರಲ್ಲಿ 2 ಬರುವುದು ಒಂದೇ ರೀತಿ, 3 ಬರುವುದು ಎರಡು ರೀತಿ, ಹೀಗೆ ಏರುತ್ತಾ 7 ಬರುವುದು ಆರು ರೀತಿ, ಆಮೇಲೆ ಇಳಿಯುತ್ತಾ 12ಕ್ಕೆ ಮತ್ತೆ ಒಂದೇ ರೀತಿ. ಇದೇ ಲೆಕ್ಕದಲ್ಲಿ 36 ಚೀಟಿ ಬರೆದು ಬಿಸ್ಕತ್ ಡಬ್ಬಿಗೆ ಹಾಕಿದೆವು. ಒಂದು ಎತ್ತು, ಓದು, ವಾಪಸ್ ಹಾಕು. ದಾಳದ ಕೆಲಸವನ್ನೇ ಡಬ್ಬಿ ಮಾಡುತ್ತದೆ. ಚೀಟಿ ಎತ್ತಿ ತೀರ್ಮಾನಿಸುವುದು ನಮಗೆ ಹೊಸದಲ್ಲ, ಹಜ್ ಕಮಿಟಿಯವರು ಯಾತ್ರಿಗಳನ್ನು ಆರಿಸುವುದೂ ಖುರ್ರಾದಿಂದಲೇ. ಫತ್ವಾ ಕೊಡುವಷ್ಟು ನಾನು ಓದಿಲ್ಲ. ನಮ್ಮ ಮನೆಯಲ್ಲಿ ಒಪ್ಪಿಗೆಯಾದ ದಾರಿಯನ್ನಷ್ಟೇ ಹೇಳುತ್ತಿದ್ದೇನೆ. ಹಾಗೆಯೇ ಆಟದಲ್ಲಿ ಮಾಟ-ಮಂತ್ರ ಬಳಸುವ ನಿಯಮವೂ ಇದೆ, ಅದನ್ನು ಮೊದಲ ದಿನವೇ ತೆಗೆದುಹಾಕಿದೆವು. ಯಾವ ವಿಷಯ ಕಥೆಯಲ್ಲಿ ಬರಬಾರದು ಎಂದು ಆಟಕ್ಕೆ ಮುಂಚೆ ಪ್ರತಿಯೊಬ್ಬರೂ ಹೇಳುವುದು ಈ ಬಗೆಯ ಆಟಗಳಲ್ಲಿ ಒಳ್ಳೆಯ ರೂಢಿ. ಒಬ್ಬಳು ಜೇಡ ಬೇಡ ಎಂದಳು. ನಮ್ಮ ಊರಿನಲ್ಲಿ ಜೇಡವಿಲ್ಲ.

ಡಬ್ಬಿಯಿಂದ ಇನ್ನೊಂದು ಪಾಠವೂ ಸಿಕ್ಕಿತು. ಏನೂ ಅನುಕೂಲವಿಲ್ಲದೆ ಚೀಟಿ ಎತ್ತಿದರೆ 36ರಲ್ಲಿ 15 ಸೋಲು. ಗೆಳತಿಯೊಬ್ಬಳು ನೆರವಿಗೆ ಬಂದು ಅದು ಫಲಿಸಿದರೆ ನಮ್ಮ ಮೊತ್ತಕ್ಕೆ ಒಂದು ಅಂಕ ಸೇರುತ್ತದೆ. ಒಂದೇ ಅಂಕ ತಾನೇ ಎನ್ನಬೇಡಿ, ಆಗ ಸೋಲು 10ಕ್ಕೆ ಇಳಿಯುತ್ತದೆ, ಪೂರ್ಣ ಗೆಲುವು 6ರಿಂದ 10ಕ್ಕೆ ಏರುತ್ತದೆ. ಸಂಭವನೀಯತೆಯ ಲೆಕ್ಕವನ್ನು ಪರೀಕ್ಷೆಗೆಂದು ಎಷ್ಟೋ ಸಲ ಬಿಡಿಸಿದ್ದೆವು. ನೆರವಿಗೆ ಬಂದ ಗೆಳತಿಯ ಬೆಲೆ ಎಷ್ಟು ಚೀಟಿ ಎಂದು ಅದರಿಂದಲೇ ತಿಳಿಯಬಹುದು ಎಂದು ಯಾರಿಗೆ ಗೊತ್ತಿತ್ತು?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಆಟದಲ್ಲಿ ರಾಕ್ಷಸನನ್ನು ಸುಮ್ಮನೆ ಹೊಡೆದರೆ ಅವನು ಸಾಯುವುದಿಲ್ಲ. ಪ್ರತಿ ರಾಕ್ಷಸನಿಗೂ ಒಂದು ದೌರ್ಬಲ್ಯವಿರುತ್ತದೆ. ಅದನ್ನು ಕಂಡುಹಿಡಿಯಬೇಕಾದರೆ ತನಿಖೆ ಮಾಡಲೇಬೇಕು. ತನಿಖೆಗೆ ಆಟವೇ ಪ್ರಶ್ನೆಗಳ ಪಟ್ಟಿ ಕೊಡುತ್ತದೆ. ಇಲ್ಲಿ ಏನಾಯಿತು? ಇದು ಯಾವ ಬಗೆಯ ಜೀವಿ? ಅದು ಏನು ಮಾಡಬಲ್ಲದು? ಅದಕ್ಕೆ ಏಟು ಯಾವುದರಿಂದ ತಾಗುತ್ತದೆ? ಎಲ್ಲಿಗೆ ಹೋಯಿತು? ಇಲ್ಲಿ ಮುಚ್ಚಿಟ್ಟಿರುವುದು ಏನು? ಚೀಟಿ ಚೆನ್ನಾಗಿ ಬಂದರೆ ಎರಡು ಪ್ರಶ್ನೆ, ಸುಮಾರಾಗಿ ಬಂದರೆ ಒಂದೇ ಪ್ರಶ್ನೆ ಕೇಳಬಹುದು. ಆದ್ದರಿಂದ ಯಾವುದನ್ನು ಕೇಳಬೇಕು ಎಂದು ಯೋಚಿಸಬೇಕು.

ನಮ್ಮ ಕಥೆಯ ಊರು ಅಮೆರಿಕದಲ್ಲಿ ಒಂದು ಕೆರೆಯ ದಂಡೆಯಲ್ಲಿದೆ. ಒಂದು ಹೋಟೆಲು, ಒಂದು ಪೆಟ್ರೋಲ್ ಬಂಕ್, ಒಂದು ಮರದ ಮಿಲ್ಲು. ರಾತ್ರಿ ಹೊತ್ತು ನಾಯಿಗಳು ಕಾಣೆಯಾಗುತ್ತಿವೆ, ಆಮೇಲೆ ಒಬ್ಬ ಹುಡುಗ ಕಾಣೆಯಾದ. ಊರಿನ ಅಂಚಿನಲ್ಲಿ ಹೊಸದಾಗಿ ಬಂದು ಬಟ್ಟೆ ಒಗೆಯುವ ಅಂಗಡಿ ಇಟ್ಟ ಒಂದು ಕುಟುಂಬವಿದೆ. ಅವರ ಭಾಷೆ ಬೇರೆ, ಅಡುಗೆಯ ವಾಸನೆ ಬೇರೆ, ರಾತ್ರಿ ತಡವಾಗಿ ದೀಪ ಉರಿಯುತ್ತದೆ. ಕ್ಷೌರದ ಅಂಗಡಿಯವನು ಬಂದವರಿಗೆಲ್ಲ ಅವರ ಮನೆ ತೋರಿಸುತ್ತಾನೆ. ಇಂಥ ಪಾತ್ರಕ್ಕೆ ಆಟದ ಪುಸ್ತಕದಲ್ಲಿಯೇ ಒಂದು ವರ್ಗವಿದೆ, 'ಗಾಸಿಪ್'. ಗಾಳಿಸುದ್ದಿ ಹರಡುವುದೇ ಅವನ ಉದ್ದೇಶ ಎಂದು ಬರೆದಿದೆ. ಅವನು ರಾಕ್ಷಸನಲ್ಲ, ಕೆಟ್ಟವನೂ ಅಲ್ಲ. ಆದರೆ ಅವನ ಕಡೆಯಿಂದ ಎಷ್ಟು ಹಾನಿಯಾಗಬಹುದು ಎಂದು ಆಡಿದವರಿಗೇ ಗೊತ್ತು.

ನನ್ನ ಪಾತ್ರ 'ಮಂಡೇನ್' ಎಂಬ ಬಗೆಯದು. ಯಾವ ಶಕ್ತಿಯೂ ಇಲ್ಲದ ಸಾಮಾನ್ಯ ಮನುಷ್ಯ. ನಾನು ಅವಳನ್ನು ಮಿಲ್ಲಿನ ಲೆಕ್ಕ ಬರೆಯುವವಳನ್ನಾಗಿ ಮಾಡಿದೆ, ಕಾಮರ್ಸ್‌ನವಳಲ್ಲವೇ! ಉಳಿದವರು ಕಾಡಿಗೆ ಹೊರಟಾಗ ನಾನು ಲೆಡ್ಜರ್ ತೆರೆದು 'ಇಲ್ಲಿ ಮುಚ್ಚಿಟ್ಟಿರುವುದು ಏನು?' ಎಂದು ಕೇಳಿದೆ. ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ಮಿಲ್ಲಿನಲ್ಲಿ ಒಂದು ಕೋಳಿಯೂ ಇಲ್ಲ, ನಾಯಿಯೂ ಇಲ್ಲ, ಆದರೆ ಹನ್ನೊಂದು ವರ್ಷದಿಂದ ಪ್ರತಿ ತಿಂಗಳು ರಿಪೇರಿ ಖರ್ಚಿನ ಖಾತೆಯಲ್ಲಿ ಮಾಂಸದ ಬಿಲ್ಲು ಇದೆ. ಕಳೆದ ಮೂರು ತಿಂಗಳಿಂದ ಮಾತ್ರ ಇಲ್ಲ, ಮಿಲ್ಲು ನಷ್ಟದಲ್ಲಿದೆ. ಕೆರೆಯಲ್ಲಿರುವುದಕ್ಕೆ ಊಟ ಹಾಕುತ್ತಿದ್ದವನು ಮಿಲ್ಲಿನ ಮಾಲೀಕ. ಊಟ ನಿಂತ ಮೇಲೆ ಅದು ತಾನೇ ಮೇಲೆ ಬಂದಿದೆ. ಅಂಚಿನ ಮನೆಯವರು ತಡರಾತ್ರಿ ದೀಪ ಉರಿಸುತ್ತಿದ್ದದ್ದು ಬಟ್ಟೆಗೆ ಇಸ್ತ್ರಿ ಹಾಕಲು.

ಇದು ಕಟ್ಟುಕಥೆ. ಆದರೆ 2018ರ ಜುಲೈನಲ್ಲಿ ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯಲ್ಲಿ ನಡೆದದ್ದು ಕಥೆಯಲ್ಲ. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವಕ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆ ವರ್ಷ ದೇಶದ ಬೇರೆ ಬೇರೆ ಕಡೆ ಇಂಥವೇ ಕೊಲೆಗಳಾಗಿ, ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. ಹೊಡೆದವರು ತಮ್ಮನ್ನು ರಾಕ್ಷಸರು ಎಂದುಕೊಂಡಿರಲಿಲ್ಲ. ಬೇಟೆಗಾರರು, ಊರು ಕಾಯುವವರು ಎಂದೇ ತಿಳಿದಿದ್ದರು. 'ಇಲ್ಲಿ ಏನಾಯಿತು?' ಎಂಬ ಮೊದಲ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ.

ಎಲ್ಲ ಗಾಳಿಸುದ್ದಿಯೂ ಹೀಗೆ ಮುಗಿಯುವುದಿಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ರಾತ್ರಿ ಬಾಗಿಲು ಬಡಿಯುವ ಹೆಣ್ಣು ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಅದಕ್ಕೆ ಖರ್ಚಾದದ್ದು ಒಂದಿಷ್ಟು ಸೀಮೆಸುಣ್ಣ. ವ್ಯತ್ಯಾಸ ಒಂದೇ: ದೆವ್ವಕ್ಕೆ ಮನೆ ವಿಳಾಸ ಇರಲಿಲ್ಲ. ಗುಮಾನಿಗೆ ಒಂದು ಮುಖ, ಒಂದು ಉಡುಪು, ಒಂದು ಹೆಸರು ಸಿಕ್ಕಿದಾಗಲೇ ಅಪಾಯ. ಅಪರಿಚಿತ ಊರಿನಲ್ಲಿ ಬಸ್ ಇಳಿದಾಗ ಜನರ ನೋಟ ನಮ್ಮ ದುಪಟ್ಟಾ, ಟೋಪಿಗಳ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಈ ಕಾಲೇಜಿನ ಅನೇಕರಿಗೆ ಗೊತ್ತಿರುವುದೇ. ಹಾಗೆಯೇ ನಮ್ಮ ಮೊಹಲ್ಲಾಗೆ ಹೊಸದಾಗಿ ಬಾಡಿಗೆಗೆ ಬಂದವರನ್ನು, ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದ ಹುಡುಗರನ್ನು ನಮ್ಮವರೂ ಅದೇ ರೀತಿ ನೋಡುತ್ತಾರೆ. ನ್ಯಾಯ ಎರಡೂ ಕಡೆ ಒಂದೇ ಆಗಿರಬೇಕು.

ಆಟ ಮುಗಿದಾಗ ಕೀಪರ್ ನಾಲ್ಕು ಪ್ರಶ್ನೆ ಕೇಳಬೇಕೆಂದು ನಿಯಮವಿದೆ. ಈ ರಹಸ್ಯ ಬಗೆಹರಿಯಿತೇ? ಯಾರನ್ನಾದರೂ ಸಾವಿನಿಂದ ಕಾಪಾಡಿದೆವೇ? ಈ ಲೋಕದ ಬಗ್ಗೆ ಹೊಸದೇನಾದರೂ ತಿಳಿಯಿತೇ? ನಮ್ಮಲ್ಲಿ ಒಬ್ಬರ ಬಗ್ಗೆ ಹೊಸದೇನಾದರೂ ತಿಳಿಯಿತೇ? ಹೌದು ಎಂಬ ಉತ್ತರಕ್ಕೆ ಅನುಭವದ ಅಂಕ ಸಿಗುತ್ತದೆ. ಎಷ್ಟು ರಾಕ್ಷಸರನ್ನು ಕೊಂದಿರಿ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ. ಇನ್ನೂ ಒಂದು ವಿಚಿತ್ರ ಇದೆ. 6 ಅಥವಾ ಕಡಿಮೆ ಬಂದು ಸೋತಾಗಲೂ ಒಂದು ಅನುಭವದ ಅಂಕ ಬರೆದುಕೊಳ್ಳಬಹುದು. ಐದು ಸೇರಿದರೆ ಪಾತ್ರ ಒಂದು ಮೆಟ್ಟಿಲು ಮೇಲೇರುತ್ತದೆ. ಕಿರುಪರೀಕ್ಷೆಯ ಅಂಕಪಟ್ಟಿಗೆ ಮನೆಯಲ್ಲಿ ಸಹಿ ಹಾಕಿಸಲು ಹೆದರುವ ನಮಗೆ ಈ ನಿಯಮ ಕೇಳಲು ಹಿತವಾಗಿದೆ ಎಂದು ಪ್ರಾಂಶುಪಾಲರು ತಪ್ಪು ತಿಳಿಯಬಾರದು!

ಆಕ್ಷೇಪಣೆಗಳು ಇವೆ. ದ್ವಿತೀಯ ಪಿಯುಸಿಯಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ? ನಿಜ. ಅದಕ್ಕೇ ವಾರಕ್ಕೆ ಒಂದೇ ಸಲ, ಪರೀಕ್ಷೆಯ ತಿಂಗಳಲ್ಲಿ ಪೂರ್ತಿ ರಜೆ. ಆನ್‌ಲೈನ್‌ನಲ್ಲಿ ಯಾರು ಯಾರೋ ಇರುತ್ತಾರೆ ಎನ್ನುವುದೂ ನಿಜ. ಆದ್ದರಿಂದ ಮುಖ ಗೊತ್ತಿಲ್ಲದವರ ಗುಂಪಿಗೆ ಸೇರಲೇಬೇಡಿ. ಗುಂಪಿನ ಪ್ರತಿಯೊಬ್ಬರೂ ಮನೆಯವರಿಗೆ ಪರಿಚಯವಿರಲಿ, ಬಾಗಿಲು ತೆರೆದೇ ಇರಲಿ. ನಾವು ಆಡುವಾಗ ಅಮ್ಮಿ ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಾ ಕೂರುತ್ತಾರೆ. ಮಿಲ್ಲಿನ ಮಾಲೀಕನ ಮೇಲೆ ಮೊದಲು ಅನುಮಾನ ಪಟ್ಟವರೂ ಅವರೇ. ಹಣದ ಖರ್ಚು ಹೆಚ್ಚಿಲ್ಲ. ನಿಯಮದ ಪುಸ್ತಕ ಒಬ್ಬರ ಬಳಿ ಇದ್ದರೆ ಸಾಕು, ಪಾತ್ರದ ಹಾಳೆಗಳು ಉಚಿತವಾಗಿ ಸಿಗುತ್ತವೆ.

ಭಾಷೆಯ ಮಾತೂ ಹೇಳಬೇಕು. ನನ್ನ ಮನೆಮಾತು ಉರ್ದು. ಕನ್ನಡ ನನಗೆ ಉತ್ತರ ಬರೆಯುವ ಭಾಷೆಯಾಗಿತ್ತು, ಅಂಗಡಿಯಲ್ಲಿ ಬೆಲೆ ಕೇಳುವ ಭಾಷೆಯಾಗಿತ್ತು. ಆಪಾಳ ಗೆಳತಿಯರಿಗೆ ಉರ್ದು ಬಾರದ ಕಾರಣ ನಮ್ಮ ಆಟ ಕನ್ನಡದಲ್ಲೇ ನಡೆಯುತ್ತದೆ. ಹೆದರಿದ ಮುದುಕಿಯನ್ನು ಸಮಾಧಾನ ಮಾಡಬೇಕು, ಸುಳ್ಳು ಹೇಳುವ ಮಾಲೀಕನ ಬಾಯಿಬಿಡಿಸಬೇಕು, ಕೋಲು ಹಿಡಿದು ಬಂದ ಜನರನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಬೇಕು. ಇದಕ್ಕೆಲ್ಲ ಹತ್ತು ಅಂಕದ ಪ್ರಬಂಧದ ಕನ್ನಡ ಸಾಲದು. ಎದೆಯಿಂದ ಬರುವ ಕನ್ನಡ ಬೇಕು. ಅದು ಈಗ ಸ್ವಲ್ಪ ಸ್ವಲ್ಪ ಬರುತ್ತಿದೆ.

ನನ್ನ ಕೋರಿಕೆ ಸಣ್ಣದು. ತಿಂಗಳಿಗೆ ಒಂದು ಶನಿವಾರ, ತರಗತಿಗಳು ಮುಗಿದ ಮೇಲೆ, ಗ್ರಂಥಾಲಯದ ಒಂದು ಮೇಜು ಕೊಡಿ. ಕನ್ನಡ ಮತ್ತು ಸಂಖ್ಯಾಶಾಸ್ತ್ರದ ಉಪನ್ಯಾಸಕರಲ್ಲಿ ಒಬ್ಬರು ಬಂದು ಕುಳಿತು ನೋಡಲಿ, ಬೇಕಾದರೆ ಒಂದು ಪಾತ್ರ ತೆಗೆದುಕೊಳ್ಳಲಿ. ಆರ್ಟ್ಸ್, ಸೈನ್ಸ್, ಕಾಮರ್ಸ್ ಯಾರಾದರೂ ಸೇರಬಹುದು. ಎದುರಾಬದುರು ಕುಳಿತರೆ ಮೊಬೈಲಿನ ಅಗತ್ಯವೂ ಇಲ್ಲ. ಇಷ್ಟವಿದ್ದವರು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ನನ್ನನ್ನು ಕೇಳಿ. ಪೆನ್ಸಿಲ್ ನೀವು ತನ್ನಿ, ಚೀಟಿಯ ಡಬ್ಬಿ ನಾನು ತರುತ್ತೇನೆ.