ಯಂತ್ರ ತಿರುಗಿಸಿದ ಕೈಗೂ ಮನ್ನಣೆ ಸಲ್ಲಲಿ

ಹಾಡಿದವನೇ ಕಲಾವಿದ, ಯಂತ್ರದ ಬಳಿ ಕುಳಿತವನು ಬರಿಯ ಕೆಲಸಗಾರ ಎಂಬ ವಾದವನ್ನು ನಾವು ಒಪ್ಪಲಾರೆವು. ಜಮೈಕಾ ದ್ವೀಪದ ರೆಗೆ ಗೀತಗಳಿಂದ ಹುಟ್ಟಿದ ‘ಡಬ್’ ಸಂಗೀತವೇ ಈ ವಾದಕ್ಕೆ ತಕ್ಕ ಉತ್ತರ.

ಕಿಂಗ್ ಟಬ್ಬಿ ಎಂದು ಪ್ರಸಿದ್ಧರಾದ ಆಸ್‌ಬೋರ್ನ್ ರಡಕ್ ಅವರು ಕಿಂಗ್‌ಸ್ಟನ್ ನಗರದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದವರು. 1970ರ ದಶಕದಲ್ಲಿ ಅವರು ತಮ್ಮ ಪುಟ್ಟ ಸ್ಟುಡಿಯೋದಲ್ಲಿ, ಮೊದಲೇ ಮುದ್ರಿತವಾದ ಹಾಡುಗಳಿಂದ ಗಾಯಕನ ಕಂಠವನ್ನು ಬಹುಪಾಲು ತೆಗೆದರು. ಡ್ರಮ್ಮಿನ ಪೆಟ್ಟನ್ನೂ ಬೇಸ್ ಗಿಟಾರಿನ ಮಂದ್ರವನ್ನೂ ಮುಂದಕ್ಕೆ ತಂದರು. ಉಳಿದ ಒಂದೆರಡು ಮಾತುಗಳನ್ನು ಪ್ರತಿಧ್ವನಿಯಲ್ಲಿ ತೇಲಿಬಿಟ್ಟರು.

ಇದು ಪರರ ಕೃತಿಯ ಅಂಗಚ್ಛೇದವೆಂದು ಮೂಗು ಮುರಿಯುವವರುಂಟು. ಅವರನ್ನು ನಾವು ಕೇಳುತ್ತೇವೆ: ಬರಿಯ ಕತ್ತರಿಯ ಕೆಲಸವಾಗಿದ್ದರೆ ಎಲ್ಲರ ಡಬ್ಬೂ ಒಂದೇ ಬಗೆಯಾಗಿರಬೇಕಿತ್ತಲ್ಲವೆ? ಟಬ್ಬಿಯವರದು ಒಂದು ಬಗೆ. 1973ರಲ್ಲಿ ‘ಬ್ಲ್ಯಾಕ್ ಆರ್ಕ್’ ಸ್ಟುಡಿಯೋ ಕಟ್ಟಿದ ಲೀ ಪೆರ್ರಿಯವರದು ಮತ್ತೊಂದು. ಯಂತ್ರದ ಮುಂದೆ ಕುಳಿತವನ ಕಿವಿಯೇ ಈ ಭೇದಕ್ಕೆ ಕಾರಣ. ವಾದ್ಯಗಾರ ಅಗಸ್ಟಸ್ ಪಾಬ್ಲೊ ಅವರ 1976ರ ಪ್ರಖ್ಯಾತ ಧ್ವನಿಮುದ್ರಿಕೆಯ ಶಿರೋನಾಮೆಯಲ್ಲೇ ಟಬ್ಬಿಯವರ ಹೆಸರಿದೆ!

1989ರಲ್ಲಿ ಟಬ್ಬಿಯವರು ಕೊಲೆಗೀಡಾದರು. ಅವರ ವಿಧಾನ ಅಳಿಯಲಿಲ್ಲ. ಇಂದಿನ ರೀಮಿಕ್ಸ್ ಪದ್ಧತಿ ಅದಕ್ಕೆ ಋಣಿ. ಈ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಬೆಳೆದ ‘ಡಬ್‌ಸ್ಟೆಪ್’ ತನ್ನ ಹೆಸರಿನಲ್ಲೇ ಆ ಋಣವನ್ನು ಹೊತ್ತಿದೆ.

ಪದ್ಯವೊಪ್ಪಿಸುವ ಬಾಲಕನಿಗೆ ಬಹುಮಾನ, ಕೆಟ್ಟ ರೇಡಿಯೋ ಬಿಚ್ಚಿ ನೋಡುವವನಿಗೆ ಗದರಿಕೆ: ಈ ಪಂಕ್ತಿಭೇದ ನಮ್ಮ ಶಾಲೆಗಳಿಂದಲೇ ಮೊದಲು ತೊಲಗಲಿ. ಬೆರಳಿನ ಜಾಣ್ಮೆಯೂ ವಿದ್ಯೆಯೇ.