ಸಾರಸ್: ಹಿಂದಿನಿಂದ ತಳ್ಳಿಸಿಕೊಂಡು ಹಾರುವ ವಿಮಾನ

ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳನ್ನು ರೋಣ, ನರಗುಂದದ ಕಡೆಯ ಮಕ್ಕಳು ಕಂಡೇ ಇರುತ್ತಾರೆ. ಅಲ್ಲಿ ಗಾಳಿ ಅಲಗನ್ನು ತಿರುಗಿಸುತ್ತದೆ. ವಿಮಾನದಲ್ಲಿ ಅಲಗು ಗಾಳಿಯನ್ನು ತಳ್ಳುತ್ತದೆ. ತತ್ತ್ವ ಒಂದೇ, ಕೆಲಸ ಮಾತ್ರ ತಿರುವುಮುರುವು.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್.ಎ.ಎಲ್.) ರೂಪಿಸಿದ ‘ಸಾರಸ್’ ಇಂಥ ಅಲಗುಗಳ ವಿಮಾನ. ಸಾರಸ ಕೊಕ್ಕರೆಯ ಹೆಸರನ್ನೇ ಅದಕ್ಕಿಟ್ಟರು. 14 ಮಂದಿ ಕೂರುವಷ್ಟು ಚಿಕ್ಕದು. 1990ರ ದಶಕದ ಆರಂಭದಲ್ಲಿ ಸೋವಿಯತ್ ದೇಶದ ಮ್ಯಾಸಿಶ್ಚೆವ್ ವಿನ್ಯಾಸ ಸಂಸ್ಥೆ ಇದಕ್ಕೆ ಕೈಜೋಡಿಸಿತ್ತು. ಆದರೆ 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಹಣದ ಮುಗ್ಗಟ್ಟಿನಿಂದ ರಷ್ಯನ್ನರು ಹಿಂದೆ ಸರಿದರು. ನಮ್ಮವರು ಕೈಬಿಡಲಿಲ್ಲ. 1999ರಲ್ಲಿ ಕೇಂದ್ರ ಸರಕಾರದ ಮಂಜೂರಾತಿ ದೊರೆಯಿತು.

ಸಾರಸ್ ಪೂರ್ಣ ಜೆಟ್ ಅಲ್ಲ, ಟರ್ಬೊಪ್ರಾಪ್. ಜೆಟ್ಟಿನಲ್ಲಿ ಬಿಸಿ ಅನಿಲ ಹಿಂದಕ್ಕೆ ಚಿಮ್ಮಿ ವಿಮಾನವನ್ನು ಮುಂದೆ ನೂಕುತ್ತದೆ. ಟರ್ಬೊಪ್ರಾಪ್‌ನಲ್ಲಿ ಅದೇ ಅನಿಲದ ಬಹುಪಾಲು ಶಕ್ತಿ ಟರ್ಬೈನಿನ ಮೂಲಕ ಪ್ರೊಪೆಲ್ಲರನ್ನು ತಿರುಗಿಸಲು ಬಳಕೆಯಾಗುತ್ತದೆ. ಕಡಿಮೆ ವೇಗದಲ್ಲಿ, ಕಿರುದೂರಕ್ಕೆ ಇದು ಮಿತವ್ಯಯಿ. ಸಾರಸ್‌ನ ಎರಡು ಎಂಜಿನ್‌ಗಳು ಬಾಲದ ಬಳಿ ಇವೆ. ಅಲಗುಗಳು ಹಿಮ್ಮುಖವಾಗಿದ್ದು ವಿಮಾನವನ್ನು ಹಿಂದಿನಿಂದ ತಳ್ಳುತ್ತವೆ. ಇದರಿಂದ ಒಳಗೆ ಸದ್ದು ಕಡಿಮೆ.

2004ರ ಮೇ 29ರಂದು ಮೊದಲ ಮಾದರಿ ಬೆಂಗಳೂರಿನಲ್ಲಿ ಹಾರಿತು. ಆದರೆ ಅದರ ತೂಕ ಗುರಿಗಿಂತ ಬಹಳ ಹೆಚ್ಚು! ಹೆಚ್ಚು ಬಲದ ಎಂಜಿನ್ ಹೊತ್ತ ಎರಡನೆಯ ಮಾದರಿ 2007ರ ಏಪ್ರಿಲ್ 18ರಂದು ಹಾರಿತು.

2009ರ ಮಾರ್ಚ್ 6. ಒಂದು ಎಂಜಿನ್ನನ್ನು ಹಾರಾಟದಲ್ಲೇ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ. ಆ ಎರಡನೆಯ ಮಾದರಿ ಬಿಡದಿ ಬಳಿ ನೆಲಕ್ಕಪ್ಪಳಿಸಿತು. ವಾಯುಪಡೆಯ ಇಬ್ಬರು ಪೈಲಟ್‌ಗಳೂ ಒಬ್ಬ ಪರೀಕ್ಷಾ ಎಂಜಿನಿಯರರೂ ಪ್ರಾಣ ತೆತ್ತರು.

ಕಾರಣವೇನು? ರಟ್ಟಿನ ತುಂಡೊಂದನ್ನು ಫ್ಯಾನಿನ ಗಾಳಿಗೆ ಅಂಚು ಮಾಡಿ ಹಿಡಿಯಿರಿ, ತಡೆ ಅತ್ಯಲ್ಪ. ಅಗಲ ಮಾಡಿ ಹಿಡಿಯಿರಿ, ಕೈಯೇ ಹಿಂದೆ ಸರಿಯುತ್ತದೆ. ನಿಂತ ಎಂಜಿನ್ನಿನ ಅಲಗುಗಳೂ ಹೀಗೆಯೇ. ಅವು ಗಾಳಿಗೆ ಅಂಚು ಕೊಟ್ಟಿರಬೇಕು. ಅಗಲ ಕೊಟ್ಟರೆ ವಿಮಾನ ಒಂದು ಪಕ್ಕಕ್ಕೆ ಎಳೆಯಲ್ಪಡುತ್ತದೆ. ಬಿರುಗಾಳಿಯಲ್ಲಿ ಗುಡ್ಡದ ಗಾಳಿಯಂತ್ರಗಳು ಅಲಗು ತಿರುಗಿಸಿ ಅಂಚು ಕೊಡುವುದೂ ಇದೇ ಲೆಕ್ಕದಿಂದ. ಎಂಜಿನ್ ಮತ್ತೆ ಚಾಲೂ ಮಾಡಲು ವಿನ್ಯಾಸಕಾರರು ಬರೆದ ಕ್ರಮವೇ ತಪ್ಪಾಗಿತ್ತು, ಸಾಕಷ್ಟು ಎತ್ತರವೂ ಇರಲಿಲ್ಲ ಎಂದು ವಿಚಾರಣೆ ಹೇಳಿತು. ತಪ್ಪು ಲೋಹದಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಅಡಗಿರಬಹುದು.

ಯೋಜನೆ ವರ್ಷಗಟ್ಟಲೆ ಸ್ತಬ್ಧವಾಯಿತು. ತಿದ್ದಿದ ಮೊದಲ ಮಾದರಿ 2018ರ ಜನವರಿ 24ರಂದು ಮತ್ತೆ ಆಕಾಶಕ್ಕೇರಿತು. ಬಳಿಕ 19 ಆಸನಗಳ ಹೊಸ ರೂಪದ ಕೆಲಸ ಕೈಗೆತ್ತಿಕೊಳ್ಳಲಾಯಿತು.

ಪ್ರಯೋಗಶಾಲೆಯಲ್ಲಿ ‘ಕ್ರಮ’ ಎಂಬ ಶೀರ್ಷಿಕೆಯ ಕೆಳಗೆ ನಾಲ್ಕು ಸಾಲು ಗೀಚಿ ಮುಗಿಸುವ ವಿದ್ಯಾರ್ಥಿಗಳು ಆ ಮೂವರನ್ನು ಒಮ್ಮೆ ನೆನೆಯಲಿ. ಆ ನಾಲ್ಕು ಸಾಲಿನ ಮೇಲೆ ಎಂದೋ ಒಬ್ಬರ ಜೀವ ನಿಂತಿರುತ್ತದೆ.